ದನಿಯ ಭಾವವೂ ಕೇಳುವ ಕಿವಿಯೂ

ಮನುಷ್ಯನು ಆಡುವ ಮಾತಿಗೆ ಎರಡು ಅರ್ಥಗಳಿರುತ್ತವೆ. ಪದಗಳು ತಿಳಿಸುವ ಅರ್ಥ ಒಂದು. ಆ ಪದಗಳನ್ನು ಹೊತ್ತು ಬರುವ ದನಿಯು ತಿಳಿಸುವ ಅರ್ಥ ಇನ್ನೊಂದು. 'ಬಾ' ಎಂಬುದು ಒಂದೇ ಅಕ್ಷರದ ಮಾತು. ದಣಿದು ಮನೆಗೆ ಬಂದ ಮಗನನ್ನು ತಾಯಿ ಕರೆಯುವ 'ಬಾ' ಬೇರೆ. ತಪ್ಪು ಮಾಡಿ ಬಾಗಿಲ ಮರೆಯಲ್ಲಿ ನಿಂತ ಹುಡುಗನನ್ನು ತಂದೆ ಕರೆಯುವ 'ಬಾ' ಬೇರೆ. ಜಗಳಕ್ಕೆ ನಿಂತವನು ಎದುರಾಳಿಗೆ ಹೇಳುವ 'ಬಾ' ಮತ್ತೂ ಬೇರೆ. ನಿಘಂಟಿನಲ್ಲಿ ಈ ಮೂರಕ್ಕೂ ಅರ್ಥವೊಂದೇ. ಕೇಳುವವನ ಮನಸ್ಸಿನಲ್ಲಾದರೋ ಒಂದು ಹರ್ಷವನ್ನೂ, ಒಂದು ಭಯವನ್ನೂ, ಒಂದು ರೋಷವನ್ನೂ ಹುಟ್ಟಿಸುತ್ತದೆ.

ಈ ಎರಡನೆಯ ಅರ್ಥವನ್ನು ಯಾವ ಪಾಠಶಾಲೆಯಲ್ಲಿಯೂ ಕಲಿಸುವುದಿಲ್ಲ. ಕೂಸು ನಡೆಯುವುದನ್ನು ಕಲಿಯುವಂತೆ ಇದನ್ನೂ ತಾನಾಗಿಯೇ ಕಲಿಯುತ್ತದೆ. ಆದಕಾರಣ ಇದು ಎಲ್ಲರಿಗೂ ಸಹಜವಾಗಿ ಬಂದ ವಿದ್ಯೆಯೆಂದು ಗೃಹಸ್ಥರು ಭಾವಿಸುತ್ತಾರೆ. ಹಾಗೆ ಭಾವಿಸುವುದರಿಂದ ಒದಗುವ ಕೇಡು ಸಣ್ಣದಲ್ಲ. ಮಗುವೊಂದು ಹಾಲಿನ ಚೆಂಬನ್ನು ಉರುಳಿಸಿತೆಂದು ಇಟ್ಟುಕೊಳ್ಳಬಹುದು. 'ಬಲು ಚೆನ್ನಾಗಿ ಮಾಡಿದೆ, ಇನ್ನೊಂದು ಚೆಂಬನ್ನೂ ಚೆಲ್ಲು' ಎಂದು ತಾಯಿ ಗದರುತ್ತಾಳೆ. ಮಗು ಎದ್ದು ಹೋಗಿ ಇನ್ನೊಂದು ಚೆಂಬನ್ನೂ ಚೆಲ್ಲಿಬಿಡುತ್ತದೆ. ಮನೆಯವರು ಅದನ್ನು ಉದ್ಧಟತನವೆಂದು ತಿಳಿದು ದಂಡಿಸುತ್ತಾರೆ. ಹೇಳಿದಂತೆ ಮಾಡಿದುದಕ್ಕೆ ಏಟೇಕೆ ಬಿತ್ತೆಂಬುದು ಮಗುವಿಗೆ ತಿಳಿಯದು. ಅದರ ಕಿವಿಗೆ ಪದಗಳು ಮುಟ್ಟಿದ್ದವು. ದನಿಯೊಳಗಣ ಕೋಪವು ಮುಟ್ಟಿರಲಿಲ್ಲ.

ಇಂಥ ಮಕ್ಕಳಿದ್ದಾರೆ; ಇಂಥ ವಯಸ್ಕರೂ ವೃದ್ಧರೂ ಇದ್ದಾರೆ. ಅವರನ್ನು ಮೊಂಡರೆಂದೂ, ಕಲ್ಲೆದೆಯವರೆಂದೂ, ಭಾವಶೂನ್ಯರೆಂದೂ ಕರೆಯುವ ಮುನ್ನ ದನಿಯ ವಿಷಯವಾಗಿ ಹಿಂದಿನವರು ಏನು ತಿಳಿದಿದ್ದರು, ಇಂದಿನವರು ಏನು ಕಂಡುಕೊಂಡಿದ್ದಾರೆ ಎಂಬುದನ್ನು ಗೃಹಸ್ಥರು ಅರಿಯುವುದು ಉಚಿತ.

ಕಾಕು ಎಂದರೇನು

ದನಿಯ ಈ ವಿಕಾರಕ್ಕೆ ಶಾಸ್ತ್ರಕಾರರು 'ಕಾಕು' ಎಂದು ಹೆಸರಿಟ್ಟರು. ಶೋಕ, ಭೀತಿ ಮೊದಲಾದವುಗಳಿಂದ ಧ್ವನಿಯಲ್ಲಿ ಉಂಟಾಗುವ ಮಾರ್ಪಾಟೇ ಕಾಕುವೆಂದು ಅಮರಸಿಂಹನು ತನ್ನ ಕೋಶದಲ್ಲಿ ಅರ್ಥವನ್ನು ಹೇಳಿದ್ದಾನೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ನಟನು ಮಾತನ್ನು ಹೇಗೆ ಪಠಿಸಬೇಕೆಂಬ ಪ್ರಕರಣದಲ್ಲಿ ಈ ವಿಷಯವು ವಿಸ್ತಾರವಾಗಿ ಬಂದಿದೆ. ಎದೆ, ಕಂಠ, ಶಿರಸ್ಸು ಎಂದು ದನಿ ಹುಟ್ಟುವ ಸ್ಥಾನಗಳು ಮೂರು. ಉದಾತ್ತ, ಅನುದಾತ್ತ, ಸ್ವರಿತ, ಕಂಪಿತ ಎಂದು ವರ್ಣಗಳು ನಾಲ್ಕು. ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂದು ಪಾಠ್ಯದ ಅಲಂಕಾರಗಳು ಆರು. ಕಲಹಕ್ಕೂ ಅಮರ್ಷಕ್ಕೂ ದೀಪ್ತವು ಸಲ್ಲುತ್ತದೆ; ಚಿಂತೆಗೂ ದೈನ್ಯಕ್ಕೂ ಮಂದ್ರವು ಸಲ್ಲುತ್ತದೆ; ಹೆದರಿದವನೂ ಚಳಿಜ್ವರದಿಂದ ನಡುಗುವವನೂ ದ್ರುತವಾಗಿ ಮಾತನಾಡುತ್ತಾರೆ; ಕರುಣಕ್ಕೆ ವಿಲಂಬಿತವು ಯೋಗ್ಯ. ಇದು ರಂಗಭೂಮಿಗಾಗಿ ಹೇಳಿದ ಮಾತಾದರೂ ಮನೆಯ ಜಗಲಿಯ ಮೇಲೆ ಕುಳಿತು ಕಿವಿಗೊಟ್ಟವರಿಗೆ ದಿನವೂ ಪ್ರತ್ಯಕ್ಷವಾಗುವಂಥದು.

ಆಲಂಕಾರಿಕರಲ್ಲಿ ಈ ವಿಷಯವಾಗಿ ಒಂದು ಚರ್ಚೆಯೂ ನಡೆಯಿತು. ರುದ್ರಟನು ವಕ್ರೋಕ್ತಿಯನ್ನು ಶ್ಲೇಷದಿಂದ ಆಗುವುದೆಂದೂ ಕಾಕುವಿನಿಂದ ಆಗುವುದೆಂದೂ ವಿಂಗಡಿಸಿ ಕಾಕುವಿಗೆ ಅಲಂಕಾರದ ಪದವಿಯನ್ನು ಕೊಟ್ಟನು. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಅದನ್ನು ಒಪ್ಪದೆ, ಕಾಕುವು ಅಭಿಪ್ರಾಯದಿಂದ ಕೂಡಿದ ಪಠನದ ಧರ್ಮವೇ ಹೊರತು ಅಲಂಕಾರವಲ್ಲವೆಂದನು. ಈ ಭೇದವು ಪಂಡಿತರ ಗೊಡವೆಯಷ್ಟೇ ಅಲ್ಲ. ಅಲಂಕಾರವು ಶಬ್ದದೊಳಗೆ ಇರುವಂಥದು, ಬರೆದರೂ ಉಳಿಯುತ್ತದೆ. ಪಠನಧರ್ಮವು ಹೇಳುವವನ ಕಂಠದಲ್ಲಿ ಹುಟ್ಟಿ ಕೇಳುವವನ ಕಿವಿಯಲ್ಲಿ ಪೂರ್ಣವಾಗತಕ್ಕದ್ದು. ಕಂಠವಾಗಲಿ ಕಿವಿಯಾಗಲಿ ತನ್ನ ಕೆಲಸವನ್ನು ಮಾಡದಿದ್ದರೆ ಅಭಿಪ್ರಾಯವು ನಡುದಾರಿಯಲ್ಲಿಯೇ ನಿಲ್ಲುತ್ತದೆ.

ವಚನಗಳನ್ನು ಓದುವವರಿಗೆ ಇದರ ಅನುಭವವು ಚೆನ್ನಾಗಿ ಉಂಟು. ವಚನವೆಂಬ ಹೆಸರಿಗೆ ಆಡಿದ ಮಾತು ಎಂದೇ ಅರ್ಥ. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ತಾಳೆಗರಿಯಲ್ಲಿ ಉಳಿದು ಬಂದವು. ಫ. ಗು. ಹಳಕಟ್ಟಿಯವರು ಅಂಥ ಓಲೆಗಳನ್ನು ಶೋಧಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಓಲೆಯಲ್ಲಿ ಪ್ರಶ್ನಚಿಹ್ನೆಯಿಲ್ಲ, ಆಶ್ಚರ್ಯಚಿಹ್ನೆಯಿಲ್ಲ. ದನಿಯಂತೂ ಇಲ್ಲವೇ ಇಲ್ಲ. ಆದುದರಿಂದ ಶರಣರು ಒಂದು ಕಡೆ ಕೇಳುವ ಪ್ರಶ್ನೆಯು ಉತ್ತರವನ್ನು ಬೇಡುವ ಪ್ರಶ್ನೆಯೋ, ಡಂಭವನ್ನು ಚುಚ್ಚುವ ವ್ಯಂಗ್ಯವೋ, ತನ್ನನ್ನೇ ಹಳಿದುಕೊಳ್ಳುವ ಆರ್ತತೆಯೋ ಎಂಬುದನ್ನು ಓದುವವನು ತಾನೇ ನಿಶ್ಚಯಿಸಬೇಕಾಗುತ್ತದೆ. ಎಳೆಯ ವಿದ್ಯಾರ್ಥಿಯು ವ್ಯಂಗ್ಯವನ್ನು ವಿಧಿಯೆಂದು ಓದಿದರೆ ಗುರುವು ಅವನನ್ನು ಹೃದಯವಿಲ್ಲದವನೆಂದು ಬಯ್ಯುವುದಿಲ್ಲ. ಅರ್ಥವನ್ನು ಬಿಡಿಸಿ ಹೇಳುತ್ತಾನೆ. ಪುಸ್ತಕದ ಮುಂದೆ ತೋರುವ ಈ ತಾಳ್ಮೆಯನ್ನು ಮನೆಯ ಮಗುವಿನ ಮುಂದೆಯೂ ತೋರಬೇಕೆಂಬುದೇ ಈ ಲೇಖನದ ಆಶಯ.

ಇಂದಿನ ಶಾಸ್ತ್ರವು ಹೇಳುವುದು

ಭರತನು ಎಣಿಸಿದ ಅಂಶಗಳನ್ನೇ ಇಂದಿನ ವಿಜ್ಞಾನಿಗಳು ಯಂತ್ರದಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ವಯಸ್ಕ ಪುರುಷನು ಮಾತನಾಡುವಾಗ ಕಂಠದ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲವೂ, ಸ್ತ್ರೀಯು ಮಾತನಾಡುವಾಗ ಸುಮಾರು 200 ಸಲವೂ ಕಂಪಿಸುತ್ತವೆ. ಈ ಸಂಖ್ಯೆ ಏರಿದರೆ ಸ್ವರವೂ ಏರುತ್ತದೆ. ಸ್ವರದ ಏರಿಳಿತ, ದನಿಯ ಬಲ, ಮಾತಿನ ವೇಗ, ನಡುವಣ ಮೌನ, ದನಿಯ ನುಣುಪು ಅಥವಾ ಒರಟುತನ, ಈ ಐದರ ಸಂಯೋಗದಿಂದ ಕೇಳುವವನು ಭಾವವನ್ನು ಊಹಿಸುತ್ತಾನೆ. ರೋಷದಲ್ಲಿ ಬಲವೂ ವೇಗವೂ ಏರುತ್ತವೆ. ಶೋಕದಲ್ಲಿ ಸ್ವರವು ತಗ್ಗಿ, ಮಾತು ನಿಧಾನವಾಗಿ, ಮೌನವು ಹೆಚ್ಚುತ್ತದೆ.

ಈ ವಿದ್ಯೆಯ ಬೀಜವು ಹುಟ್ಟಿನಲ್ಲಿಯೇ ಇದೆ. ಜನಿಸಿ ಮೂರು ದಿನವೂ ತುಂಬದ ಕೂಸುಗಳು ಇತರ ಸ್ತ್ರೀಯರ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಬಯಸುತ್ತವೆಂಬುದನ್ನು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬವರು 1980ರಲ್ಲಿ ತೋರಿಸಿಕೊಟ್ಟರು. ಮನುಷ್ಯದನಿಯನ್ನು ಇತರ ಸದ್ದುಗಳಿಂದ ಬೇರ್ಪಡಿಸಿ ಗ್ರಹಿಸುವ ಪ್ರದೇಶಗಳು ಮಿದುಳಿನಲ್ಲಿ ಕಿವಿಯ ಮೇಲ್ಭಾಗದ ಮಡಿಕೆಗಳಲ್ಲಿ ಇವೆಯೆಂದು 2000ದಲ್ಲಿ ಪಾಸ್ಕಲ್ ಬೆಲಿನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಬಹುಮಂದಿಯಲ್ಲಿ ಪದಗಳನ್ನೂ ವ್ಯಾಕರಣವನ್ನೂ ಮುಖ್ಯವಾಗಿ ಮಿದುಳಿನ ಎಡಭಾಗವು ನೋಡಿಕೊಳ್ಳುತ್ತದೆ; ದನಿಯ ಭಾವದಲ್ಲಿ ಬಲಭಾಗದ ಪಾತ್ರವು ದೊಡ್ಡದು. ಆದುದರಿಂದಲೇ ಒಂದು ಕೆಟ್ಟು ಇನ್ನೊಂದು ಉಳಿಯುವುದು ಸಾಧ್ಯವಾಗುತ್ತದೆ.

ಇದಕ್ಕೆ 1979ರಲ್ಲಿ ಎಲಿಯಟ್ ರಾಸ್ ಮತ್ತು ಮಾರ್ಸೆಲ್ ಮೆಸುಲಂ ಎಂಬ ವೈದ್ಯರು ಅಮೆರಿಕದಲ್ಲಿ ವರದಿಮಾಡಿದ ಒಂದು ಪ್ರಸಂಗವು ಪ್ರಸಿದ್ಧವಾದ ನಿದರ್ಶನ. ಒಬ್ಬ ಶಾಲೆಯ ಉಪಾಧ್ಯಾಯಿನಿಗೆ ಮಿದುಳಿನ ಬಲಭಾಗದಲ್ಲಿ ಪೆಟ್ಟು ಬಿದ್ದು ಲಕ್ವ ಹೊಡೆಯಿತು. ಚೇತರಿಸಿಕೊಂಡು ಆಕೆ ಮತ್ತೆ ತರಗತಿಗೆ ಹೋದಾಗ ಪಾಠ ಹೇಳುವುದರಲ್ಲಿ ಪದಗಳಿಗೆ ಕೊರತೆಯಿರಲಿಲ್ಲ. ಆದರೆ ದನಿಯು ಏರದೆ ಇಳಿಯದೆ ಒಂದೇ ಸಮನಾಗಿಬಿಟ್ಟಿತ್ತು. ಹುಡುಗರು ಗಲಾಟೆ ಮಾಡಿದಾಗ ಆಕೆಗೆ ಒಳಗೆ ಕೋಪ ಬರುತ್ತಿತ್ತು. ದನಿಯಲ್ಲಿ ಅದು ತೋರುತ್ತಿರಲಿಲ್ಲ. ತರಗತಿಯು ಕೈಮೀರಿತು. ಮನೆಯಲ್ಲಿ ಆಕೆಯ ಸ್ವಂತ ಮಕ್ಕಳಿಗೂ ತಾಯಿ ಯಾವಾಗ ನಿಜವಾಗಿ ಗದರಿಸುತ್ತಿದ್ದಾಳೆಂಬುದು ತಿಳಿಯದೆ ಹೋಯಿತು. ಕಡೆಗೆ ಆಕೆ ಒಂದು ಉಪಾಯವನ್ನು ಕಂಡುಕೊಂಡಳು. ಮಾತಿನ ಕೊನೆಗೆ, ತಾನು ಇದನ್ನು ನಿಜವಾಗಿಯೂ ಹೇಳುತ್ತಿದ್ದೇನೆ ಎಂಬುದನ್ನು ಪದಗಳಲ್ಲಿಯೇ ಸೇರಿಸಿ ಹೇಳತೊಡಗಿದಳು. ದನಿಯು ಮಾಡಲಾರದ ಕೆಲಸವನ್ನು ನುಡಿಯು ಮಾಡಿತು.

ಈ ಪ್ರಸಂಗದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ದನಿಯಲ್ಲಿ ಭಾವವು ಕಾಣದಿದ್ದ ಮಾತ್ರಕ್ಕೆ ಎದೆಯಲ್ಲಿ ಭಾವವಿಲ್ಲವೆಂದು ತೀರ್ಮಾನಿಸಲಾಗದು. ಇನ್ನೊಂದು, ದನಿಯ ಕೊರತೆಯನ್ನು ನುಡಿಯಿಂದ ತುಂಬಿಕೊಳ್ಳಬಹುದು. ಲಕ್ವ ಹೊಡೆದ ಯಜಮಾನರು 'ಊಟವಾಯಿತೆ' ಎಂದು ಸಪ್ಪೆಯಾಗಿ ಕೇಳಿದರೆ, 'ಇವರಿಗೆ ಮೊದಲಿನ ಅಕ್ಕರೆಯಿಲ್ಲ' ಎಂದು ಮನೆಯಾಕೆ ಸೆರಗಿನಿಂದ ಕಣ್ಣೊರಸಿಕೊಳ್ಳುವುದುಂಟು. ಪಾರ್ಕಿನ್‌ಸನ್ ರೋಗದಲ್ಲಿಯೂ ದನಿಯು ಸಣ್ಣದಾಗಿ ಏರಿಳಿತವನ್ನು ಕಳೆದುಕೊಳ್ಳುತ್ತದೆ. ಅಕ್ಕರೆ ಹೋಗಿರುವುದಿಲ್ಲ, ಅದನ್ನು ಹೊರಕ್ಕೆ ತರುವ ದಾರಿ ಮುಚ್ಚಿರುತ್ತದೆ.

ಹುಟ್ಟಿನಿಂದಲೇ ಬೇರೆ ರೀತಿಯವರು

ಲಕ್ವದಂತೆ ನಡುವೆ ಬಂದದ್ದಲ್ಲದೆ, ಬಾಲ್ಯದಿಂದಲೇ ದನಿಯ ಸೂಚನೆಗಳನ್ನು ಬೇರೆ ರೀತಿಯಲ್ಲಿ ಗ್ರಹಿಸುವವರೂ ಉಂಟು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಅಮೆರಿಕದಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಆಟಿಸಂ ಎಂಬ ಸ್ಥಿತಿಯನ್ನು ವರ್ಣಿಸಿದನು. ಮರುವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಅದನ್ನು ಹೋಲುವ ಮಕ್ಕಳ ವಿಷಯವಾಗಿ ಬರೆದನು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುವುದುಂಟು. ಈ ಸ್ಥಿತಿಯುಳ್ಳವರಲ್ಲಿ ಹಲವರಿಗೆ ವ್ಯಂಗ್ಯವೂ ಕುಚೋದ್ಯವೂ ಸುಲಭವಾಗಿ ತಿಳಿಯುವುದಿಲ್ಲ. ಮಾತನ್ನು ಅಕ್ಷರಶಃ ಗ್ರಹಿಸುತ್ತಾರೆ. ಕೆಲವರ ದನಿಯು ಸಮನಾಗಿರುತ್ತದೆ, ಕೆಲವರದು ಹಾಡಿದಂತೆ ಇರುತ್ತದೆ. ಹೊರಗಿನವರು ಅದನ್ನು ಕೇಳಿ ಉದಾಸೀನವೆಂದೋ ಅಣಕವೆಂದೋ ತಿಳಿದುಬಿಡುತ್ತಾರೆ.

ಆದರೆ ಎಲ್ಲವನ್ನೂ ಆಟಿಸಂನ ಮೇಲೆ ಹೊರಿಸುವುದು ಸರಿಯಲ್ಲ. 1973ರಲ್ಲಿ ಪೀಟರ್ ಸಿಫ್ನಿಯಾಸ್ ಎಂಬ ವೈದ್ಯನು 'ಅಲೆಕ್ಸಿಥೈಮಿಯಾ' ಎಂಬ ಶಬ್ದವನ್ನು ಗ್ರೀಕ್ ಭಾಷೆಯಿಂದ ರಚಿಸಿದನು. ಭಾವಕ್ಕೆ ನುಡಿ ದೊರೆಯದಿರುವಿಕೆ ಎಂದು ಅದರ ಅರ್ಥ. ತನ್ನೊಳಗೆ ಏಳುವುದು ಕೋಪವೋ ದುಃಖವೋ ದಣಿವೋ ಎಂಬುದನ್ನು ಹೆಸರಿಸಲಾರದ ಸ್ಥಿತಿಯಿದು. ಇದು ಆಟಿಸಂ ಇರುವವರಲ್ಲಿಯೂ ಇಲ್ಲದವರಲ್ಲಿಯೂ ಕಂಡುಬರುತ್ತದೆ. ಪರರ ದನಿಯಲ್ಲಿ ಭಾವವನ್ನು ಗುರುತಿಸುವ ಕಷ್ಟವು ಈ ಸ್ಥಿತಿಯೊಡನೆ ಹೆಚ್ಚಾಗಿ ಹೊಂದಿಕೊಂಡಿದೆಯೆಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಸೂಚಿಸಿತು. ತನ್ನ ಅಂತರಂಗವನ್ನು ಓದಲು ಕಲಿಯುವುದಕ್ಕೂ ಪರರನ್ನು ಅರಿಯುವುದಕ್ಕೂ ಇರುವ ನಂಟನ್ನು ಅಂತರಂಗಶೋಧನೆಯ ಮಾರ್ಗದಲ್ಲಿ ನಡೆದ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪು ಒಂದೇ ಕಡೆ ಇರುತ್ತದೆಂಬುದೂ ಸಲ್ಲದ ಮಾತು. ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸರು, ತಾವೇ ಆಟಿಸಂ ಉಳ್ಳವರು, 2012ರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಆಟಿಸಂ ಇರುವವನಿಗೆ ಇತರರ ಮನಸ್ಸು ತಿಳಿಯದಂತೆಯೇ ಇತರರಿಗೂ ಅವನ ಮನಸ್ಸು ತಿಳಿಯುವುದಿಲ್ಲ. ಆದುದರಿಂದ ಕೊರತೆಯು ಇಬ್ಬರ ನಡುವೆ ಇದೆ ಎಂಬುದು ಅವರ ಅಭಿಪ್ರಾಯ. 2020ರಲ್ಲಿ ಬ್ರಿಟನ್ನಿನಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಎಂಟು ಜನರ ಸಾಲುಗಳನ್ನು ಮಾಡಿ, ಒಬ್ಬರಿಂದ ಒಬ್ಬರಿಗೆ ಒಂದು ಕಥೆಯನ್ನು ದಾಟಿಸುವಂತೆ ಹೇಳಿದರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕಥೆಯು ಇತರರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಇಬ್ಬರೂ ಬೆರೆತ ಸಾಲಿನಲ್ಲಿಯೇ ಹೆಚ್ಚು ಸೋರಿಹೋಯಿತು.

ಊರೊಂದು, ದನಿಗಳು ಹಲವು

ಇಂಥ ಸೋರಿಕೆಯನ್ನು ಕಾಣಲು ರೋಗವೇ ಬೇಕೆಂದಿಲ್ಲ. ದೂರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರೈಲು ದಾರಿಯಲ್ಲಿ ಚಿಕ್ಕಬಾಣಾವರವು ಕಳೆದರೆ ಸೋಲದೇವನಹಳ್ಳಿಯ ನಿಲ್ದಾಣ ಬರುತ್ತದೆ. ಹಿಂದೆ ಹಳ್ಳಿಯಾಗಿದ್ದ ಈ ಊರಿನಲ್ಲಿ ಇಂದು ದೊಡ್ಡ ವಿದ್ಯಾಸಂಸ್ಥೆಗಳಿವೆ. ಹಲವು ಜಿಲ್ಲೆಗಳ, ಹಲವು ರಾಜ್ಯಗಳ ಜನರು ಬಂದು ನೆಲೆಸಿದ್ದಾರೆ. ಇಂಥ ಊರಿನ ಮನೆಯೊಂದಕ್ಕೆ ಧಾರವಾಡದ ಕಡೆಯಿಂದ ಸೊಸೆ ಬಂದಳೆಂದು ಭಾವಿಸಬಹುದು. ಆಕೆ ಗಟ್ಟಿಯಾಗಿ 'ಅತ್ತೆಯವರ, ಊಟಕ್ಕ ಬರ್ರಿ' ಎನ್ನುತ್ತಾಳೆ. ಆ ಸೀಮೆಯಲ್ಲಿ ಕೊನೆಯ 'ರಿ'ಕಾರದಲ್ಲಿಯೇ ಮರ್ಯಾದೆಯಿದೆ. ಎತ್ತಿದ ದನಿಯಲ್ಲಿ ಆದರವಿದೆ. ಮೆಲುದನಿಯ 'ಬನ್ನಿ'ಗೆ ಒಗ್ಗಿದ ಅತ್ತೆಗೆ ಅದು ಆಜ್ಞೆಯಂತೆ ಕೇಳಿಸುತ್ತದೆ. ಇಬ್ಬರದೂ ಕನ್ನಡವೇ, ಇಬ್ಬರ ಕಿವಿಯೂ ನೆಟ್ಟಗಿದೆ. ಆದರೂ ಮನೆಯಲ್ಲಿ ಮುನಿಸು ಹುಟ್ಟುತ್ತದೆ.

2010ರಲ್ಲಿ ಡಿಸಾ ಸೌಟರ್ ಮತ್ತು ಸಂಗಡಿಗರು ಆಫ್ರಿಕದ ನಮೀಬಿಯಾದ ಹಿಂಬಾ ಜನರನ್ನೂ ಇಂಗ್ಲೆಂಡಿನವರನ್ನೂ ಕುರಿತು ನಡೆಸಿದ ಅಧ್ಯಯನವು ಇದಕ್ಕೆ ಬೆಳಕು ಕೊಡುತ್ತದೆ. ಕೋಪ, ಭಯ, ದುಃಖ, ಜುಗುಪ್ಸೆ, ಬೆರಗು, ನಗು ಇವುಗಳ ಉದ್ಗಾರಗಳನ್ನು ಎರಡು ಕಡೆಯವರೂ ಪರಸ್ಪರ ಗುರುತಿಸಿದರು. ಸಾಧಿಸಿದ ಹೆಮ್ಮೆ, ನಿರಾಳವಾದ ನಿಟ್ಟುಸಿರು ಮೊದಲಾದ ಕೆಲವು ಮಾತ್ರ ಗಡಿಯನ್ನು ದಾಟಲಿಲ್ಲ. ಮೂಲಭಾವಗಳ ದನಿಯು ಮನುಷ್ಯಮಾತ್ರರಿಗೆ ಸಾಧಾರಣ. ನಯವಾದ ಭಾವಗಳ ದನಿಯನ್ನು ಮಾತ್ರ ಆಯಾ ಸೀಮೆಯ ಸಹವಾಸದಿಂದ ಕಲಿಯಬೇಕು.

ಈ ಕಾರಣದಿಂದಲೇ ಭಾವಗ್ರಹಣದ ಪರೀಕ್ಷೆಗಳಿಗೆ ನಮ್ಮ ನಾಡಿನ ಮುಖಗಳೂ ಸನ್ನಿವೇಶಗಳೂ ಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮನಗಂಡರು. 2008ರಲ್ಲಿ ಅಲ್ಲಿಯ ತಂಡವು ಭಾರತೀಯ ನಟರು ಭಾವಗಳನ್ನು ಅಭಿನಯಿಸಿದ ಸ್ಥಿರಚಿತ್ರಗಳನ್ನೂ ಚಲಚಿತ್ರದ ತುಣುಕುಗಳನ್ನೂ ಸೇರಿಸಿ 'ಟ್ರೆಂಡ್ಸ್' ಎಂಬ ಪರೀಕ್ಷೆಯನ್ನು ಪ್ರಕಟಿಸಿತು. ಇತರರ ಮನಸ್ಸನ್ನು ಊಹಿಸುವ ಶಕ್ತಿಯನ್ನು ಭಾರತೀಯ ಸನ್ನಿವೇಶಗಳಲ್ಲಿ ಅಳೆಯುವ 'ಸಾಕ್ರೆಟಿಸ್' ಎಂಬ ಸಾಧನವು 2011ರಲ್ಲಿ ಬಂದಿತು. ಮನೋರೋಗದಿಂದ ನರಳುವವರು ಇತರರ ಭಾವವನ್ನು ತಿಳಿಯಲಾರದೆ ನೆರೆಹೊರೆಯಿಂದ ದೂರವಾಗುವುದನ್ನು ಅರಿಯಲು ಇವು ನೆರವಾದವು.

ಗೃಹಸ್ಥರು ಮಾಡತಕ್ಕದ್ದು

ಶರಣರು ನಡೆ ನುಡಿಗಳ ಐಕ್ಯವನ್ನು ಒತ್ತಿ ಬೋಧಿಸಿದರು. ನುಡಿಯು ಶುದ್ಧವಾಗಿಯೂ ಸ್ಪಷ್ಟವಾಗಿಯೂ ಇರಬೇಕೆಂದರು. ಆ ಬೋಧೆಯನ್ನು ಈ ವಿಷಯಕ್ಕೆ ಅನ್ವಯಿಸಿದರೆ ಕೆಲವು ಆಚರಣೆಗಳು ದೊರೆಯುತ್ತವೆ.

ಮೊದಲನೆಯದಾಗಿ, ಭಾವವನ್ನು ಪದದಲ್ಲಿ ಹೇಳಬೇಕು. 'ಹಾಲು ಚೆಲ್ಲಿದ್ದರಿಂದ ನನಗೆ ಕೋಪ ಬಂದಿದೆ. ಬಟ್ಟೆ ತಂದು ಒರೆಸು' ಎಂದರೆ ಮಗುವಿಗೆ ಭಾವವೂ ತಿಳಿಯಿತು, ಕರ್ತವ್ಯವೂ ತಿಳಿಯಿತು. ಈ ಅಭ್ಯಾಸದಿಂದ ಮಗುವು ತನ್ನ ಭಾವಕ್ಕೆ ಹೆಸರಿಡುವುದನ್ನೂ ಕಲಿಯುತ್ತದೆ.

ಎರಡನೆಯದಾಗಿ, ವ್ಯಂಗ್ಯದಿಂದ ದಂಡಿಸುವುದನ್ನು ಬಿಡಬೇಕು. ಕಾಕುವು ತಿಳಿಯದವನಿಗೆ ವ್ಯಂಗ್ಯವು ಸುಳ್ಳುಮಾತಾಗುತ್ತದೆ, ತಿಳಿದವನಿಗೆ ಗಾಯವಾಗುತ್ತದೆ. ಎರಡರಿಂದಲೂ ಶಿಕ್ಷಣವು ಸಾಗದು.

ಮೂರನೆಯದಾಗಿ, ದನಿಯನ್ನು ಕೇಳಿ ಮನಸ್ಸನ್ನು ತೀರ್ಮಾನಿಸುವ ಮುನ್ನ ಕೇಳಿ ತಿಳಿಯಬೇಕು. 'ನಿನಗೆ ಬೇಸರವಾಗಿದೆಯೆ, ಅಥವಾ ದಣಿವೆ?' ಎಂಬ ಒಂದು ಪ್ರಶ್ನೆಯು ಎಷ್ಟೋ ಕಲಹಗಳನ್ನು ಹುಟ್ಟುವ ಮೊದಲೇ ಅಡಗಿಸುತ್ತದೆ. ಅತ್ತೆಯೂ ಸೊಸೆಯೂ ಹೀಗೆ ಕೇಳಿಕೊಂಡರೆ 'ಬರ್ರಿ' ಎಂಬುದರ ಆದರವು ತಾನಾಗಿಯೇ ತಿಳಿಯುತ್ತದೆ.

ನಾಲ್ಕನೆಯದಾಗಿ, ದೂರವಾಣಿಯಲ್ಲಿ ಬರೆದು ಕಳಿಸುವ ತುಂಡು ಮಾತುಗಳಿಗೆ ಕಾಕುವಿಲ್ಲವೆಂಬುದನ್ನು ನೆನಪಿಡಬೇಕು. 'ಆಯಿತು' ಎಂದು ಬರೆದುದನ್ನು ಒಬ್ಬನು ಸಮ್ಮತಿಯೆಂದೂ ಒಬ್ಬನು ಮುನಿಸೆಂದೂ ಓದುತ್ತಾನೆ. ಮನಸ್ತಾಪದ ವಿಷಯವಿದ್ದರೆ ಕರೆದು ಮಾತನಾಡುವುದು ಲೇಸು. ಮೈಕೆಲ್ ಕ್ರಾಸ್ ಎಂಬ ವಿದ್ವಾಂಸನು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಖವನ್ನು ನೋಡುತ್ತ ಕೇಳಿದವರಿಗಿಂತ ದನಿಯನ್ನು ಮಾತ್ರ ಕೇಳಿದವರೇ ಇತರರ ಭಾವವನ್ನು ಹೆಚ್ಚು ಸರಿಯಾಗಿ ತಿಳಿದರು. ಏಕಾಗ್ರವಾದ ಕಿವಿಗೆ ಅಷ್ಟು ಶಕ್ತಿಯುಂಟು. ಆದರೆ ಕಾಕುವು ತಿಳಿಯದವರಿಗೆ ಸ್ಪಷ್ಟವಾಗಿ ಬರೆದ ಮಾತೇ ಹೆಚ್ಚು ನೆಮ್ಮದಿಯಾಗಬಹುದು. ಅವರಿಗೆ ಅದನ್ನು ತಪ್ಪಿಸಬಾರದು.

ಐದನೆಯದಾಗಿ, ಸಂದೇಹವಿದ್ದಲ್ಲಿ ತಜ್ಞರನ್ನು ಕಾಣಬೇಕು. ಮಗು ದನಿಗೆ ಓಗೊಡದಿದ್ದರೆ ಮೊದಲು ಕಿವಿಯ ಪರೀಕ್ಷೆಯಾಗಬೇಕು, ವೃದ್ಧರಿಗೂ ಹೀಗೆಯೇ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತು ಮತ್ತು ಕಿವಿಯ ತೊಂದರೆಗಳಿಗೆಂದೇ ಇರುವಂಥದು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಎಣಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸಹ ಸೇರಿದೆ. ಆದುದರಿಂದ ಇಂಥವರಿಗೆ ದೊರೆಯುವ ಸಹಾಯವು ಯಾರ ದಯೆಯೂ ಅಲ್ಲ, ಅವರ ಹಕ್ಕು. ವೈದ್ಯರ ಬಳಿಗೆ ಹೋಗುವುದರಲ್ಲಿ ಮನೆತನದ ಮಾನಕ್ಕೆ ಯಾವ ಕುಂದೂ ಇಲ್ಲ.

ಹಾಲು ಚೆಲ್ಲಿದ ಆ ಮಗುವು ಒಂದು ಅರ್ಥದಲ್ಲಿ ತಾಯಿಯ ಮಾತನ್ನು ಇತರರಿಗಿಂತ ಹೆಚ್ಚು ನಂಬಿತು. ಅಂಥ ನಂಬಿಕೆಗೆ ಯೋಗ್ಯವಾದ ಮಾತನ್ನು ಆಡುವುದು ದೊಡ್ಡವರ ಹೊಣೆ.

ಮನನಕ್ಕಾಗಿ

1. ಕಾಕುವು ಅಲಂಕಾರವೋ ಪಠನದ ಧರ್ಮವೋ? ರುದ್ರಟ, ರಾಜಶೇಖರರ ಮತಗಳನ್ನು ಒಂದು ಉದಾಹರಣೆಯೊಡನೆ ವಿವರಿಸಿರಿ.

2. ಒಂದು ವಚನವನ್ನು ಮನೆಮಂದಿಯೆಲ್ಲ ಕುಳಿತು ಬೇರೆ ಬೇರೆ ದನಿಯಲ್ಲಿ ಓದಿರಿ. ಅರ್ಥವು ಎಲ್ಲಿ ಬದಲಾಯಿತೆಂಬುದನ್ನು ಗುರುತಿಸಿರಿ.

3. ಕಳೆದ ವಾರ ಮನೆಯಲ್ಲಿ ದನಿಯಿಂದ ಮಾತ್ರ ಹೇಳಿ, ಪದದಿಂದ ಹೇಳದೆ ಬಿಟ್ಟ ಒಂದು ಭಾವವನ್ನು ನೆನೆದು, ಅದನ್ನು ಪದಗಳಲ್ಲಿ ಬರೆಯಿರಿ.